ಟೆಂಟ್ ಕೊಳ್ಳುವ ಮೊದಲು ನೆಲ ನೋಡಿ: ತಾನೇ ನಿಲ್ಲುವುದು ಬೇಕಾ, ಗೂಟದ್ದು ಸಾಕಾ?

"ಟೆಂಟ್ ತಗೋಬೇಕು, ಯಾವುದು ಒಳ್ಳೇದು?" ಎಂದು ಗೆಳೆಯರ ಗುಂಪಿನಲ್ಲಿ ಕೇಳಿ ನೋಡಿ. ಒಬ್ಬರು ತೂಕ ಹೇಳುತ್ತಾರೆ, ಇನ್ನೊಬ್ಬರು ಬ್ರ್ಯಾಂಡ್ ಹೇಳುತ್ತಾರೆ, ಮೂರನೆಯವರು ಆಫರ್ ಇರುವ ಲಿಂಕ್ ಕಳಿಸುತ್ತಾರೆ. ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದ್ದು ಅದನ್ನೇ. ಮಲಗುವ ನೆಲಕ್ಕೆ ಗೂಟ ಇಳಿಯುತ್ತದಾ, ಇಳಿದರೆ ಹಿಡಿದು ನಿಲ್ಲುತ್ತದಾ ಎಂಬುದು ಗೊತ್ತಾದರೆ ಯಾವ ಬಗೆಯ ಟೆಂಟ್ ಎಂಬ ತಲೆನೋವು ಬಹಳಷ್ಟು ಕಡಿಮೆಯಾಗುತ್ತದೆ. ತೂಕ, ಬೆಲೆ, ಬಣ್ಣ ಎಲ್ಲ ಆಮೇಲೆ.

ಕಾರಿನ ಪಕ್ಕದಲ್ಲೇ ಟೆಂಟ್ ಹಾಕುವವರು ಏನು ಕೊಂಡರೂ ನಡೆಯುತ್ತದೆ, ಅವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದು ರಸ್ತೆ ಬಿಟ್ಟು ಒಂದೆರಡು ದಿನವಾದರೂ ನಡೆದು, ಅಂಗಡಿ ಆಸ್ಪತ್ರೆ ಯಾವುದೂ ಹತ್ತಿರ ಇಲ್ಲದ ಕಡೆ ರಾತ್ರಿ ಕಳೆಯುವವರಿಗೆ.

ಹೆಜ್ಜೆ 1: ಯಾವ ಟೆಂಟ್ ಯಾವುದು ಅಂತ ಗುರುತಿಸಿ

ಫ್ರೀಸ್ಟ್ಯಾಂಡಿಂಗ್ ಅಂದರೆ ತಾನೇ ನಿಲ್ಲುವ ಟೆಂಟ್. ಅದರ ಜೊತೆಗೇ ಬಾಗುವ ಪೋಲ್‌ಗಳು ಬರುತ್ತವೆ. ಅವು ಒಂದನ್ನೊಂದು ದಾಟಿ, ನಾಲ್ಕೂ ಮೂಲೆಯ ತೂತುಗಳಿಗೆ ಸಿಕ್ಕಿಕೊಂಡು, ಬಟ್ಟೆಯನ್ನು ಗುಮ್ಮಟದ, ಅಂದರೆ ಡೋಮ್ ಆಕಾರಕ್ಕೆ ಎಳೆದು ಹಿಡಿಯುತ್ತವೆ. ಒಂದು ಗೂಟವನ್ನೂ ಹೊಡೆಯದೆ ನಿಲ್ಲಿಸಬಹುದು. ನಿಂತ ಮೇಲೆ ಎತ್ತಿ ಪಕ್ಕಕ್ಕೆ ಇಡಬಹುದು, ಬೆಳಿಗ್ಗೆ ಬಾಗಿಲು ತೆಗೆದು ತಲೆಕೆಳಗೆ ಮಾಡಿ ಮಣ್ಣು ಕೊಡವಬಹುದು. ಡೆಕಾಥ್ಲಾನ್‌ನಲ್ಲಿ ನೀವು ನೋಡಿರುವ ಕ್ವೆಚುವಾ ಎಂಎಚ್100 ಈ ಬಗೆಯದು. ನೇಚರ್‌ಹೈಕ್ ಮೊಂಗಾರ್, ಬಿಗ್ ಆಗ್ನೆಸ್ ಕಾಪರ್ ಸ್ಪರ್ ಕೂಡ ಇದೇ.

ಗೂಟದ ಟೆಂಟ್‌ಗೆ ಗೂಟ ಇಲ್ಲದೆ ಆಕಾರವೇ ಬರುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದು, ನಡೆಯುವಾಗ ಕೈಯಲ್ಲಿ ಹಿಡಿದ ಟ್ರೆಕ್ಕಿಂಗ್ ಪೋಲನ್ನೇ ಕಂಬ ಮಾಡಿಕೊಳ್ಳುವುದು. ಡರ್ಸ್ಟನ್ ಎಕ್ಸ್-ಮಿಡ್, ಝೀಪ್ಯಾಕ್ಸ್ ಡ್ಯೂಪ್ಲೆಕ್ಸ್ ಈ ಸಾಲಿನವು. ಎಕ್ಸ್-ಮಿಡ್‌ಗೆ ಕನಿಷ್ಠ ನಾಲ್ಕು ಗೂಟ ಸಾಕು, ಡ್ಯೂಪ್ಲೆಕ್ಸ್‌ಗೆ ಇನ್ನೂ ಜಾಸ್ತಿ ಬೇಕು. ಇನ್ನೊಂದು ಸುರಂಗದ ಆಕಾರದ ಟನಲ್ ಟೆಂಟ್. ಕಮಾನುಗಳು ಅದರದ್ದೇ ಇರುತ್ತವೆ, ಆದರೆ ಒಂದನ್ನೊಂದು ದಾಟುವುದಿಲ್ಲ. ಹಿಂದೆ ಮುಂದೆ ಎಳೆದು ಕಟ್ಟದಿದ್ದರೆ ಮಗುಚಿ ಬೀಳುತ್ತದೆ. ಸ್ವೀಡನ್ನಿನ ಹಿಲ್ಲೆಬರ್ಗ್ ಕಂಪನಿಗೆ ಹೆಸರು ಬಂದದ್ದೇ ಇಂಥ ಟೆಂಟ್‌ಗಳಿಂದ.

ಎರಡರ ನಡುವೆ ಒಂದು ಎಡಬಿಡಂಗಿ ಇದೆ, ಸೆಮಿ ಫ್ರೀಸ್ಟ್ಯಾಂಡಿಂಗ್. ಪೋಲು ತಲೆಯ ಕಡೆ ಎರಡು ಕಾಲಾಗಿ, ಪಾದದ ಕಡೆ ಒಂದೇ ಕಾಲಾಗಿ ನಿಲ್ಲುತ್ತದೆ. ಪಾದದ ಕಡೆಯ ಎರಡು ಮೂಲೆಗೆ ಗೂಟ ಹೊಡೆಯದಿದ್ದರೆ ಒಳಗಿನ ಜಾಗ ಕುಗ್ಗಿ, ಬಟ್ಟೆ ಸ್ಲೀಪಿಂಗ್ ಬ್ಯಾಗಿಗೆ ಅಂಟುತ್ತದೆ. ಭಾರತದಲ್ಲಿ ಸುಲಭವಾಗಿ ಸಿಗುವ ನೇಚರ್‌ಹೈಕ್ ಕ್ಲೌಡ್ ಅಪ್ ಈ ತರದ್ದು. ಆನ್‌ಲೈನ್ ಅಂಗಡಿಗಳಲ್ಲಿ ಇಂಥವನ್ನೂ ಸುಮ್ನೆ "ಫ್ರೀಸ್ಟ್ಯಾಂಡಿಂಗ್" ಎಂದು ಬರೆದಿರುತ್ತಾರೆ. ಹೆಸರು ಓದಬೇಡಿ, ಫ್ಲೈ, ಅಂದರೆ ಮಳೆ ತಡೆಯುವ ಹೊರಪದರ, ಹಾಕದೆ ತೆಗೆದ ಫೋಟೋ ನೋಡಿ, ಪೋಲು ಎಷ್ಟು ಮೂಲೆಗೆ ಇಳಿದಿದೆ ಎಣಿಸಿ.

ಇಲ್ಲೇ ಒಂದು ಮಾತು ಸ್ಪಷ್ಟ ಆಗಲಿ. ತಾನೇ ನಿಲ್ಲುವ ಟೆಂಟ್ ಅಂದರೆ ಗೂಟ ಬೇಡದ ಟೆಂಟ್ ಅಲ್ಲ. ನಿಲ್ಲುವುದು ಬೇರೆ, ಗಾಳಿಗೆ ತಡೆಯುವುದು ಬೇರೆ. ಒಳಗೆ ಭಾರ ಇಲ್ಲದ ಡೋಮ್ ಟೆಂಟ್‌ಗೆ ಒಂದು ಜೋರು ಗಾಳಿ ಸಿಕ್ಕರೆ ಅದು ಉರುಳಿಕೊಂಡು ಹೋಗಿ ಹೊಳೆಗೆ ಬೀಳುತ್ತದೆ. ಜೊತೆಗೆ ಬ್ಯಾಗ್ ಶೂ ಇಡುವ ಮುಂಭಾಗ, ಅಂದರೆ ವೆಸ್ಟಿಬ್ಯೂಲ್, ಬಹುತೇಕ ಎಲ್ಲ ಡೋಮ್‌ಗಳಲ್ಲೂ ಗೂಟದಿಂದಲೇ ಚಾಚಿಕೊಳ್ಳುವುದು. ಹಾಗಾಗಿ ಗೂಟ ಹೊಡೆಯುವ ಕೆಲಸದಿಂದ ಯಾರಿಗೂ ಬಿಡುಗಡೆ ಇಲ್ಲ. ಗೂಟ ಕಿತ್ತುಬಂದರೆ ಏನಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಡೋಮ್ ಆದರೆ ಒಂದು ಬದಿ ಸಡಿಲವಾಗುತ್ತದೆ. ಟ್ರೆಕ್ಕಿಂಗ್ ಪೋಲ್ ಟೆಂಟ್ ಆದರೆ ಮಧ್ಯರಾತ್ರಿ ನಿಮ್ಮ ಮುಖದ ಮೇಲೆ ಕುಸಿಯಬಹುದು.

ಹೆಜ್ಜೆ 2: ಮುಂದಿನ ಎರಡು ವರ್ಷ ಎಲ್ಲೆಲ್ಲಿ ಮಲಗುತ್ತೀರಿ, ಬರೆದುಕೊಳ್ಳಿ

ಹೌದು, ಒಂದು ಚೀಟಿಯಲ್ಲಿ ಬರೆಯಿರಿ. ಕನಸಿನ ಟ್ರೆಕ್‌ಗಳನ್ನಲ್ಲ, ನಿಜವಾಗಿ ಹೋಗುವಂಥವನ್ನು.

ಕರ್ನಾಟಕದ ಮಟ್ಟಿಗೆ ನೆಲಕ್ಕಿಂತ ಮೊದಲು ಅನುಮತಿಯ ಮಾತು ಬರುತ್ತದೆ. ಅರಣ್ಯ ಇಲಾಖೆಯ ಕೈಯಲ್ಲಿರುವ ಘಟ್ಟದ ಟ್ರೆಕ್‌ಗಳಿಗೆ ಆನ್‌ಲೈನ್ ಬುಕಿಂಗ್ ಬೇಕು, ಸಾಮಾನ್ಯವಾಗಿ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಇಲ್ಲಿ ನಿಮ್ಮ ಟೆಂಟ್ ಜಾಸ್ತಿ ಬಳಕೆಯಾಗುವುದು ಹೋಮ್‌ಸ್ಟೇ ಅಂಗಳದಲ್ಲಿ, ಕಾಫಿ ತೋಟದ ಬಯಲಿನಲ್ಲಿ, ಯಾರದ್ದೋ ತಾರಸಿಯಲ್ಲಿ, ಕೇಳಿಕೊಂಡರೆ ಶಾಲೆಯ ಜಗಲಿಯಲ್ಲಿ. ಸಿಮೆಂಟು ನೆಲಕ್ಕೆ ಗೂಟ ಹೊಡೆಯುವುದು ಹೇಗೆ? ಇಂಥ ಕಡೆ ತಾನೇ ನಿಲ್ಲುವ ಟೆಂಟ್‌ನ ಒಳಪದರ ಮಾತ್ರ ನಿಲ್ಲಿಸಿದರೆ ಒಳ್ಳೆ ಸೊಳ್ಳೆಪರದೆ ಆಗುತ್ತದೆ, ಸೆಖೆಯೂ ಆಗುವುದಿಲ್ಲ. ಇನ್ನು ಕರಾವಳಿಯ ಅಂಚಿನ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ, ತೆಳು ಗೂಟ ಹೊಡೆದರೆ ಬಾಗುತ್ತದೆ. ಅದೇ ಮಲೆನಾಡಿನ ತೋಟದ ಮಣ್ಣು ಮಳೆಗಾಲದಲ್ಲಿ ಎಷ್ಟು ಮೆತ್ತಗಾಗುತ್ತದೆ ಅಂದರೆ ಗೂಟ ಕೈಯಲ್ಲೇ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಕಿತ್ತೂ ಬರುತ್ತದೆ.

ಹಿಮಾಲಯಕ್ಕೆ ಹೋಗುವವರ ಕಥೆ ಬೇರೆ. ಅಲ್ಲಿ ಒಂದೇ ಟ್ರೆಕ್‌ನಲ್ಲಿ ಮೂರು ನಾಲ್ಕು ತರದ ನೆಲ ಸಿಗುತ್ತದೆ. ಹುಲ್ಲುಗಾವಲು ಗೂಟಕ್ಕೆ ಅತ್ಯುತ್ತಮ, ಬೇರುಗಳ ಹೆಣಿಗೆಯೇ ಗೂಟವನ್ನು ಹಿಡಿದಿರುತ್ತದೆ. ಆದರೆ ಉತ್ತರಾಖಂಡದ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ಉಳಿಯಬಾರದು ಎಂದು ಅಲ್ಲಿನ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಬೇದನಿ, ಆಲಿ ಬುಗ್ಯಾಲ್‌ಗಳ ಹಾಳಾಗುವಿಕೆಯೇ ಆ ಕೇಸಿನ ಮೂಲ. ಅದರಿಂದ ಕ್ಯಾಂಪ್‌ಗಳು ಕೆಳಗಿನ ಕಾಡಿನ ಅಂಚಿಗೆ ಸರಿದಿವೆ. ಅಲ್ಲಿ ನೆಲ ಮೆತ್ತಗೆ, ಆದರೆ ಬೇರುಗಳು ಜಾಸ್ತಿ, ಜಾಗ ಇಕ್ಕಟ್ಟು. ಹಗ್ಗ ಕಟ್ಟಲು ಮರ ಇರುತ್ತದೆ ಎಂಬುದು ಲಾಭ.

ಹಿಮಾಚಲದ ಹಂಪ್ಟಾ ಪಾಸ್ (ಬೆಟ್ಟ ದಾಟುವ ದಾರಿ) ತಗೊಳ್ಳಿ, ಎತ್ತರ ಸುಮಾರು 4,270 ಮೀಟರ್. ಪಾಸ್‌ಗೆ ಮೊದಲು ಬಾಲು ಕಾ ಘೇರಾ ಸಿಗುತ್ತದೆ, ಹೆಸರೇ ಹೇಳುವಂತೆ ಮರಳು, ಹೊಳೆಯ ಪಾತ್ರದ ನೆಲ. ಪಾಸ್ ದಾಟಿ ಇಳಿದರೆ ಶಿಯಾ ಗೋರು, ಒಣ ಕಣಿವೆ, ಕಲ್ಲು, ತಣ್ಣನೆ ಗಾಳಿ. ಒಂದು ಕಡೆ ಗೂಟ ಇಳಿಯುತ್ತದೆ ಆದರೆ ಹಿಡಿಯುವುದಿಲ್ಲ, ಇನ್ನೊಂದು ಕಡೆ ಇಳಿಯುವುದೇ ಇಲ್ಲ. ಇಂಥ ದಾರಿಯಲ್ಲಿ ತಾನೇ ನಿಲ್ಲುವ ಟೆಂಟ್ ತಂದವರು ಚಹಾ ಕುಡಿಯುತ್ತಿರುವಾಗ ಗೂಟದ ಟೆಂಟ್‌ನವರು ಇನ್ನೂ ಕಲ್ಲು ಹುಡುಕುತ್ತಿರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಕಲ್ಲು ಹೇಗೂ ಬೇಕಾದಷ್ಟಿರುತ್ತದೆ, ಕಟ್ಟುವ ವಿಧಾನ ಕೆಳಗೆ ಬರೆದಿದ್ದೇನೆ.

ಲಡಾಖ್, ಸ್ಪಿತಿಯಲ್ಲಿ ಮಳೆ ಕಡಿಮೆ, ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ. ಮಾರ್ಖಾ ಕಣಿವೆ ಟ್ರೆಕ್‌ನ ನಿಮಾಲಿಂಗ್ ಕ್ಯಾಂಪ್ 4,700 ಮೀಟರ್ ದಾಟಿದ ಬಯಲು. ಆ ಎತ್ತರದಲ್ಲಿ ನಾಲ್ಕು ಗೂಟ ಕಲ್ಲಲ್ಲಿ ಬಡಿಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ದೇಹ ದಣಿದಾಗ ಟೆಂಟ್ ಎಷ್ಟು ಬೇಗ ನಿಲ್ಲುತ್ತದೆ ಎಂಬುದೂ ಒಂದು ಲೆಕ್ಕ, ಇದನ್ನು ತೂಕದ ಪಟ್ಟಿ ಹೇಳುವುದಿಲ್ಲ.

ಹಿಮದ ಟ್ರೆಕ್ ಆದರೆ, ಅಂದರೆ ಡಿಸೆಂಬರ್ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಾಂಠ ಶಿಖರ ಹತ್ತುವ ತರದ್ದು, ಮಾಮೂಲಿ ಗೂಟ ಎರಡೂ ಬಗೆಯ ಟೆಂಟ್‌ಗೆ ನಿಷ್ಪ್ರಯೋಜಕ. ಹಿಮದಲ್ಲಿ ಚೀಲ ಹೂತು ಕಟ್ಟಬೇಕು. ಪೋಲ್‌ಗಳು ಹಲವು ಕಡೆ ದಾಟುವ ಗಟ್ಟಿ ಡೋಮ್ ಮೇಲೆ ಬಿದ್ದ ಹಿಮದ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಹೊಸಬರಿಗೆ ಇಲ್ಲಿ ಎರಡನೇ ಯೋಚನೆ ಬೇಡ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದೆರಡು ಮಾತು. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಸಾಲಿನಲ್ಲಿ ಬೇಸಿಗೆ ಒಣಗಿರುತ್ತದೆ, ಕ್ಯಾಂಪ್ ಜಾಗಗಳು ಬಹಳ ಕಡೆ ಗ್ರಾನೈಟ್ ಬಂಡೆ ಇಲ್ಲವೇ ಸಡಿಲ ಜಲ್ಲಿಮಣ್ಣು. ಆದರೂ ಉದ್ದ ದಾರಿ ನಡೆಯುವವರಲ್ಲಿ ಅನೇಕರು ಟ್ರೆಕ್ಕಿಂಗ್ ಪೋಲ್ ಟೆಂಟನ್ನೇ ಒಯ್ಯುತ್ತಾರೆ, ಯಾಕೆಂದರೆ ದಿನಗಟ್ಟಲೆ ಹೊರುವವರಿಗೆ ಪ್ರತಿ ನೂರು ಗ್ರಾಮೂ ಲೆಕ್ಕ. ಅತ್ತ ಈಶಾನ್ಯದ ರಾಜ್ಯಗಳಲ್ಲಿ ಅಪಲಾಚಿಯನ್ ಟ್ರೇಲ್ ಎಂಬ ಉದ್ದನೆಯ ಕಾಲುದಾರಿಯ ಉದ್ದಕ್ಕೂ ಕೆಲವು ಕಡೆ ಮರದ ಹಲಗೆಯ ಕಟ್ಟೆಗಳ ಮೇಲೇ ಟೆಂಟ್ ಹಾಕಬೇಕು. ಹಲಗೆಗೆ ಗೂಟ ಹೊಡೆಯಲಾಗದು. ಅಲ್ಲಿ ತಾನೇ ನಿಲ್ಲುವುದು ಆರಾಮ.

ಈಗ ಚೀಟಿ ನೋಡಿ. ಬರೆದ ಜಾಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಮೆಂಟು, ಬಂಡೆ, ಹಲಗೆ, ಹಿಮ ಆಗಿದ್ದರೆ ತಾನೇ ನಿಲ್ಲುವ ಟೆಂಟ್ ಕಡೆ ವಾಲಿ. ಜಾಸ್ತಿ ಹುಲ್ಲು, ಕಾಡಿನ ಮಣ್ಣು ಆಗಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಹೊರುವವರು ಯಾರು?

ಟ್ರೆಕ್ಕಿಂಗ್ ಕಂಪನಿ ಜೊತೆ ಹೋಗುವವರಿಗೆ ಟೆಂಟ್ ಅವರೇ ಕೊಡುತ್ತಾರೆ, ಕೊಳ್ಳುವುದೇ ಬೇಡ. ಕುದುರೆ, ಹೇಸರಗತ್ತೆ ಮಾಡಿಕೊಂಡು ಸ್ವಂತವಾಗಿ ಹೋಗುವವರಿಗೆ ಒಂದು ಕೆಜಿ ಹೆಚ್ಚು ಕಡಿಮೆ ದೊಡ್ಡ ವಿಷಯವಲ್ಲ. ಗಟ್ಟಿ ಡೋಮ್ ತಗೊಳ್ಳಿ. ಬೆನ್ನ ಮೇಲೆ ತಾವೇ ಹೊರುವವರಿಗೆ ಮಾತ್ರ ತೂಕದ ಚರ್ಚೆ.

ಇಬ್ಬರ ಟೆಂಟ್‌ಗಳ ತೂಕ ಅಂದಾಜಿಗೆ ಹೀಗಿದೆ. ಕ್ವೆಚುವಾ ಎಂಎಚ್100 ಸುಮಾರು ಎರಡೂವರೆ ಕೆಜಿ. ಮೊಂಗಾರ್ ಎರಡು ಕೆಜಿ ಹತ್ತಿರ. ದುಬಾರಿ ಕಾಪರ್ ಸ್ಪರ್ ಒಂದು ಕೆಜಿ 400 ಗ್ರಾಂ ಆಸುಪಾಸು. ಟ್ರೆಕ್ಕಿಂಗ್ ಪೋಲ್ ಟೆಂಟ್‌ಗಳಲ್ಲಿ ಎಕ್ಸ್-ಮಿಡ್ ಒಂದು ಕೆಜಿ ಆಸುಪಾಸು, ಡೈನೀಮಾ ಎಂಬ ತೀರಾ ಹಗುರ ಬಟ್ಟೆಯ ಡ್ಯೂಪ್ಲೆಕ್ಸ್ ಅರ್ಧ ಕೆಜಿ ಆಸುಪಾಸು, ಬೆಲೆ ಮಾತ್ರ ಕೇಳಬೇಡಿ.

ಟ್ರೆಕ್ಕಿಂಗ್ ಪೋಲ್ ಟೆಂಟ್ ಹಗುರ ಆಗುವುದು ಅದರದ್ದೇ ಪೋಲ್ ಇಲ್ಲದ್ದರಿಂದ. ಆ ಪೋಲ್‌ನ ಕೆಲಸ ಟ್ರೆಕ್ಕಿಂಗ್ ಪೋಲ್ ಮಾಡುತ್ತದೆ. ನೀವು ಹೇಗೂ ಅವನ್ನು ಹಿಡಿದೇ ನಡೆಯುವವರಾದರೆ ಲಾಭ ಪೂರ್ತಿ ನಿಮ್ಮದು. ಆದರೆ ಟೆಂಟ್‌ಗಾಗಿಯೇ ಒಂದು ಜೊತೆ ಪೋಲ್ ಕೊಂಡು ಬ್ಯಾಗಿಗೆ ಸಿಕ್ಕಿಸಿಕೊಂಡು ಹೋಗುವವರಾದರೆ, ಅಲ್ಯೂಮಿನಿಯಂ ಜೊತೆ ಸುಮಾರು ಅರ್ಧ ಕೆಜಿ ತೂಗುತ್ತದೆ, ಅದನ್ನೂ ಕೂಡಿಸಿ. ಉಳಿತಾಯ ಎಲ್ಲಿ ಹೋಯಿತು ಅಂತ ಕಾಣುತ್ತದೆ. ಪೋಲ್‌ನ ಉದ್ದವೂ ನೋಡಿ. ಟೆಂಟ್ ಕೇಳುವ ಎತ್ತರಕ್ಕೆ, ಸೆಂಟಿಮೀಟರ್ ಲೆಕ್ಕದಲ್ಲಿ, ಏರಿಸಿ ಇಳಿಸಲು ಆಗಬೇಕು. ಮಡಚುವ, ಉದ್ದ ಬದಲಾಗದ ಪೋಲ್‌ಗಳು ಎಷ್ಟೋ ಟೆಂಟ್‌ಗೆ ಹೊಂದುವುದಿಲ್ಲ.

ಇನ್ನೊಂದು ತೊಡಕನ್ನು ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ. ಕೇದಾರಕಾಂಠದಂಥ ಟ್ರೆಕ್‌ನಲ್ಲಿ ಕ್ಯಾಂಪನ್ನು ಅಲ್ಲೇ ಬಿಟ್ಟು, ನಸುಕಿನಲ್ಲಿ ಎದ್ದು ಶಿಖರಕ್ಕೆ ಹೋಗಿ ಅಲ್ಲಿಗೇ ವಾಪಸ್ ಬರುತ್ತೀರಿ. ಕಡಿದಾದ ಹಿಮದ ಇಳಿಜಾರಲ್ಲಿ ಟ್ರೆಕ್ಕಿಂಗ್ ಪೋಲ್ ತುಂಬಾ ಬೇಕಾಗುವುದು ಆಗಲೇ. ಆದರೆ ಅವು ಟೆಂಟನ್ನು ಎತ್ತಿ ಹಿಡಿದು ನಿಂತಿವೆ! ಕಿತ್ತುಕೊಂಡರೆ ಸ್ಲೀಪಿಂಗ್ ಬ್ಯಾಗಿನ ಸಮೇತ ಟೆಂಟ್ ನೆಲಕ್ಕೆ. ಹಂಪ್ಟಾ ತರ ದಿನಾ ಟೆಂಟ್ ಬಿಚ್ಚಿ ಮುಂದೆ ಸಾಗುವ ದಾರಿಯಲ್ಲಿ ಈ ಸಮಸ್ಯೆ ಇಲ್ಲ. ಒಂದೇ ಕ್ಯಾಂಪಿನಲ್ಲಿದ್ದು ಸುತ್ತ ಹತ್ತಿ ಇಳಿಯುವವರು ತಾನೇ ನಿಲ್ಲುವ ಟೆಂಟ್ ತಗೊಳ್ಳಲಿ, ಇಲ್ಲವೇ ಟೆಂಟ್‌ಗೆಂದೇ ಸಿಗುವ ಮಡಚುವ ಹಗುರ ಕಂಬ ಒಂದನ್ನು ಜಾಸ್ತಿ ಹೊರಲಿ.

ಹೆಜ್ಜೆ 4: ಮಳೆ ಬಂದರೆ, ಗಾಳಿ ಬೀಸಿದರೆ

ಮಳೆಗೆ ಸಂಬಂಧಿಸಿ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಮೊದಲು ಒಳಪದರ ನಿಲ್ಲಿಸಬೇಕಾ, ಹೊರಗಿನ ಫ್ಲೈ ನಿಲ್ಲಿಸಬೇಕಾ? ಸಾಮಾನ್ಯ ಡೋಮ್‌ಗಳಲ್ಲಿ ಒಳಪದರ ಮೊದಲು. ಅದು ಬಹುಪಾಲು ಜಾಲರಿ ಬಟ್ಟೆ. ಜೋರು ಮಳೆಯಲ್ಲಿ ಅದನ್ನು ನಿಲ್ಲಿಸಿ, ಪೋಲ್ ಸಿಕ್ಕಿಸಿ, ಫ್ಲೈ ಹಾಕುವಷ್ಟರಲ್ಲಿ ಒಳಗೆ ನೀರು ನಿಂತಿರುತ್ತದೆ. ಎಕ್ಸ್-ಮಿಡ್ ತರದ ಟೆಂಟ್‌ಗಳಲ್ಲಿ ಫ್ಲೈ ಮೊದಲು ನಿಲ್ಲುತ್ತದೆ, ಒಳಪದರವನ್ನು ಅದರ ಅಡಿಯಲ್ಲಿ ಒಣಗಿದ ಹಾಗೇ ಕಟ್ಟಬಹುದು, ಬಿಚ್ಚುವಾಗಲೂ ಉಲ್ಟಾ ಕ್ರಮದಲ್ಲಿ ಒಣಗಿದ್ದನ್ನು ಒಣಗಿದ್ದಂತೆ ಮಡಚಿಡಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡು ತಿರುಗುವವರಿಗೆ ಇದು ತೂಕಕ್ಕಿಂತ ದೊಡ್ಡ ವಿಷಯ. ಕೆಲವು ಡೋಮ್‌ಗಳಲ್ಲೂ ಎರಡೂ ಪದರ ಒಟ್ಟಿಗೆ ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಯಾವ ಬಗೆ ತಗೊಂಡರೂ ಒಳಗೆ ಅಂಚು ಎತ್ತರಿಸಿ ಹೊಲಿದ ತಳ, ಸರಿಯಾಗಿ ಮುಚ್ಚುವ ಜಿಪ್ ಇರಲಿ. ತಳ ಇಲ್ಲದ ಹಗುರ ಟಾರ್ಪ್ ಹಾಕಿಕೊಂಡು ಮಳೆಗಾಲದ ಘಟ್ಟದಲ್ಲಿ ಮಲಗಿದರೆ ಇಂಬಳಗಳಿಗೆ ಹಬ್ಬ.

ಬಟ್ಟೆಯ ಸ್ವಭಾವ ಗೂಟದ ಟೆಂಟ್‌ಗೆ ಜಾಸ್ತಿ ಮುಖ್ಯ. ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ರಾತ್ರಿ ಜೋಲುತ್ತದೆ, ಎದ್ದು ಹಗ್ಗ ಎಳೆಯಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಡೈನೀಮಾ ಹಿಗ್ಗುವುದೇ ಇಲ್ಲ ಎನ್ನಬಹುದು. ಡೋಮ್‌ನಲ್ಲಿ ಪೋಲ್‌ಗಳು ಸ್ವಲ್ಪ ಎಳೆದು ಹಿಡಿಯುವುದರಿಂದ ಜೋಲುವುದು ಅಷ್ಟು ಕಾಡುವುದಿಲ್ಲ.

ಒಂದೇ ಪದರದ ಟೆಂಟ್‌ಗಳಲ್ಲಿ ನಿಮ್ಮ ಉಸಿರಿನ ತೇವವೇ ಬಟ್ಟೆಗೆ ಹತ್ತಿ ಹನಿಯಾಗುತ್ತದೆ. ಹಗುರ ಗೂಟದ ಟೆಂಟ್‌ಗಳಲ್ಲಿ ಒಂದೇ ಪದರದವು ಜಾಸ್ತಿ. ಲಡಾಖಿನ ಒಣ ಹವೆಯಲ್ಲಿ ಪರವಾಗಿಲ್ಲ, ಆಗುಂಬೆ ಕಡೆ ಬೇಡ.

ಇನ್ನು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಟೆಂಟ್ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಂದರೆ ಗಂಟೆಗೆ 20 ಕಿ.ಮೀ. ಗಾಳಿಯಲ್ಲಿ ಹಾಯಾಗಿ ನಿಂತ ಟೆಂಟ್ 40ರಲ್ಲೂ ನಿಲ್ಲುತ್ತದೆ ಎಂದು ನಂಬಬೇಡಿ. ಯಾವ ಬಗೆ ಗಾಳಿಗೆ ಗಟ್ಟಿ ಎಂದು ಕೇಳಿದರೆ ನೇರ ಉತ್ತರ ಇಲ್ಲ. ಚೆನ್ನಾಗಿ ಕಟ್ಟಿದ ಟನಲ್, ಬಾಲದ ಕಡೆಯಿಂದ ಗಾಳಿ ಬರುವಂತೆ ನಿಲ್ಲಿಸಿದರೆ, ಅಗ್ಗದ ಡೋಮ್‌ಗಿಂತ ಎಷ್ಟೋ ಗಟ್ಟಿ. ಆದರೆ ಗಾಳಿ ದಿಕ್ಕು ಬದಲಿಸಿ ಅಡ್ಡಕ್ಕೆ ಬಡಿದರೆ ಒದ್ದಾಡುತ್ತದೆ. ಅಗ್ಗದ ಡೋಮ್‌ಗಳಲ್ಲಿ ಫೈಬರ್‌ಗ್ಲಾಸ್ ಪೋಲ್ ಇರುತ್ತದೆ, ಅದು ಬಾಗುವುದಕ್ಕಿಂತ ಸೀಳುವುದು ಜಾಸ್ತಿ. ಎತ್ತರಕ್ಕೆ ಹೋಗುವುದಾದರೆ ಅಲ್ಯೂಮಿನಿಯಂ ಪೋಲ್ ಇಲ್ಲದ ಡೋಮ್ ಮುಟ್ಟಬೇಡಿ. ಪೋಲ್ ಮುರಿದ ಜಾಗಕ್ಕೆ ತೊಡಿಸುವ ಚಿಕ್ಕ ಕೊಳವೆಯೊಂದು ಹಲವು ಟೆಂಟ್‌ಗಳ ಜೊತೆ ಬರುತ್ತದೆ. ಅದು ಏನೆಂದು ಗೊತ್ತಾಗದೆ ಮನೆಯಲ್ಲೇ ಬಿಟ್ಟು ಹೋಗುವವರೇ ಹೆಚ್ಚು, ಒಂದಿಷ್ಟು ಟೇಪಿನ ಜೊತೆ ಒಯ್ಯಿರಿ.

ಹೆಜ್ಜೆ 5: ಗೂಟ, ಹಗ್ಗ, ಕಲ್ಲು

ಟೆಂಟ್ ಜೊತೆ ಬರುವ ಗೂಟಗಳನ್ನು ಅಷ್ಟಾಗಿ ನಂಬಬೇಡಿ. ಅಗ್ಗದ ಟೆಂಟ್‌ಗಳಲ್ಲಿ ತಂತಿ ಬಗ್ಗಿಸಿದಂಥವನ್ನು ಹಾಕಿರುತ್ತಾರೆ. ಅಡ್ಡಕೊಯ್ದರೆ ಮೂರು ರೆಕ್ಕೆ ಕಾಣುವ ಅಲ್ಯೂಮಿನಿಯಂ ಗೂಟ ಹೆಚ್ಚಿನ ಮಣ್ಣಿಗೆ ಹೊಂದುತ್ತದೆ. ಎಂಎಸ್‌ಆರ್ ಗ್ರೌಂಡ್‌ಹಾಗ್ ಈ ಬಗೆಯಲ್ಲಿ ಹೆಸರುವಾಸಿ, ಒಂದರ ತೂಕ 15 ಗ್ರಾಂ ಒಳಗೆ, ಎಂಟು ಒಯ್ದರೂ ಹೊರೆಯಲ್ಲ. ಒಣ ಗಟ್ಟಿ ನೆಲಕ್ಕೆ ಮೊಳೆಯಂಥ ತೆಳು ಗಟ್ಟಿ ಗೂಟ ಎರಡಾದರೂ ಇರಲಿ. ಮರಳಿಗೆ ಅಗಲದ್ದು ಬೇಕು. ಗೂಟದ ತುದಿ ಟೆಂಟ್ ಕಡೆಗೆ, ತಲೆ ಟೆಂಟ್‌ನಿಂದ ಆಚೆ ವಾಲಿರುವಂತೆ ಸ್ವಲ್ಪ ಓರೆಯಾಗಿ ಹೊಡೆಯಿರಿ, ಪೂರ್ತಿ ಇಳಿಸಿ. ಅರ್ಧ ಇಳಿದು ನಿಂತರೆ ಬಲವಂತ ಮಾಡಬೇಡಿ, ಅಡಿಯಲ್ಲಿ ಕಲ್ಲಿದೆ, ನಾಲ್ಕು ಬೆರಳು ಆಚೆ ಹೊಡೆಯಿರಿ.

ಗೂಟ ಇಳಿಯದ ಕಡೆ ಕಲ್ಲೇ ಗತಿ. ಹೆಚ್ಚಿನವರು ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ ಬಿಡುತ್ತಾರೆ. ಹಗ್ಗ ಕಲ್ಲಿನ ಅಂಚಿಗೆ ಉಜ್ಜಿ ಸವೆಯುತ್ತದೆ, ಬಿಗಿ ಮಾಡಬೇಕಾದರೆ ಮತ್ತೆ ಕಲ್ಲು ಎತ್ತಬೇಕು. ಇದಕ್ಕಿಂತ ಒಳ್ಳೆಯ ದಾರಿ ಇದೆ. ಟೆಂಟ್‌ನ ಮೂಲೆಗೆ ಮೊಳ ಒಂದೂವರೆ ಮೊಳದ ಹಗ್ಗ ಕಟ್ಟಿ, ತುದಿಗೆ ಕುಣಿಕೆ ಮಾಡಿ. ಕುಣಿಕೆಯಲ್ಲಿ ಹಿಡಿಗಾತ್ರದ ಚಿಕ್ಕ ಕಲ್ಲನ್ನೋ ಗಟ್ಟಿ ಕಡ್ಡಿಯನ್ನೋ ಸಿಕ್ಕಿಸಿ. ಹಗ್ಗವನ್ನು ನೆಲದ ಮೇಲೆ ನೇರ ಎಳೆದು, ಚಿಕ್ಕ ಕಲ್ಲಿಗೂ ಟೆಂಟ್‌ಗೂ ನಡುವೆ, ಹಗ್ಗದ ಮೇಲೇ, ನೀವು ಎರಡು ಕೈಯಲ್ಲಿ ಎತ್ತಬೇಕಾದಂಥ ದೊಡ್ಡ ಕಲ್ಲು ಇಡಿ. ಗಾಳಿಗೆ ಟೆಂಟ್ ಎಳೆದಾಗ ಚಿಕ್ಕ ಕಲ್ಲು ಬಂದು ದೊಡ್ಡದಕ್ಕೆ ಆನಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ಬೆಳಿಗ್ಗೆ ಕಲ್ಲುಗಳನ್ನು ಎಲ್ಲಿಂದ ತಂದಿರೋ ಅಲ್ಲಿಗೆ ಹಾಕಿ, ಸಾಲು ಸಾಲು ಕಲ್ಲಿನ ವೃತ್ತ ಬಿಟ್ಟು ಬರಬೇಡಿ.

ಮರಳಲ್ಲಿ, ಹಿಮದಲ್ಲಿ ಇದೇ ಹಗ್ಗಕ್ಕೆ ಮರಳೋ ಹಿಮವೋ ತುಂಬಿದ ಚಿಕ್ಕ ಚೀಲ ಕಟ್ಟಿ, ಒಂದು ಅಡಿ ಆಳಕ್ಕೆ ಹೂತು, ಮೇಲೆ ತುಳಿಯಿರಿ. ಹಿಮವಾದರೆ ತುಳಿದ ಮೇಲೆ ಸ್ವಲ್ಪ ಹೊತ್ತು ಗಟ್ಟಿಯಾಗಲು ಬಿಟ್ಟು ಆಮೇಲೆ ಎಳೆಯಿರಿ. ಹಾಗಾಗಿ ಯಾವ ಟೆಂಟ್ ಆದರೂ ಎರಡು ಮೂರು ಮಿಲಿಮೀಟರ್ ದಪ್ಪದ ಹಗ್ಗ ಹತ್ತು ಮೀಟರ್ ಬ್ಯಾಗಿನಲ್ಲಿ ಇರಲಿ.

ಹೆಜ್ಜೆ 6: ಬಾಡಿಗೆಗೆ ತಂದು ಒಂದು ರಾತ್ರಿ ಮಲಗಿ

ಬೆಂಗಳೂರಲ್ಲಿ ಟ್ರೆಕ್ಕಿಂಗ್ ಸಾಮಾನು ಬಾಡಿಗೆಗೆ ಕೊಡುವವರಿದ್ದಾರೆ. ಅಲ್ಲಿ ಸಿಗುವುದು ಹೆಚ್ಚಾಗಿ ಡೋಮ್, ಗೂಟದ ಟೆಂಟ್ ಸಿಗುವುದು ಅಪರೂಪ. ಗೂಟದ್ದು ನೋಡಬೇಕೆಂದರೆ ಟ್ರೆಕ್ ಮಾಡುವ ಗೆಳೆಯರಲ್ಲಿ ವಿಚಾರಿಸಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಡೋಮನ್ನು ತಾರಸಿಯ ಮೇಲೇ ನಿಲ್ಲಿಸಬಹುದು. ಗೂಟದ್ದಕ್ಕೆ ಬಯಲು ಬೇಕು, ಊರಿನ ಗದ್ದೆ ತೋಟ ಇದ್ದವರು ಪುಣ್ಯವಂತರು. ತಾರಸಿಯೇ ಗತಿ ಎನ್ನುವವರು 20 ಲೀಟರಿನ ನೀರಿನ ಕ್ಯಾನ್‌ಗಳಿಗೆ ಹಗ್ಗ ಕಟ್ಟಿ ಕಲಿಯಬಹುದು, ಕೆಟ್ಟ ಅಭ್ಯಾಸವೇನಲ್ಲ, ಕಲ್ಲಿಗೆ ಕಟ್ಟುವುದೂ ಹೆಚ್ಚು ಕಡಿಮೆ ಹಾಗೇ. ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಬೆಳಕಲ್ಲಿ, ಯೂಟ್ಯೂಬ್ ನೋಡದೆ, ಒಬ್ಬರೇ ನಿಲ್ಲಿಸಲು ಬರುವ ತನಕ ಬೆಟ್ಟಕ್ಕೆ ಒಯ್ಯಬೇಡಿ.

ಒಳಗೆ ಮಲಗಿ ಅಳತೆ ನೋಡಿ. ಇಬ್ಬರ ಟೆಂಟ್ ಅಂದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗುವ ಟೆಂಟ್ ಎಂದೇ ಅರ್ಥ. ಟ್ರೆಕ್ಕಿಂಗ್ ಪೋಲ್ ಟೆಂಟ್‌ಗಳು ಒಳಗೆ ವಿಶಾಲ ಇದ್ದರೂ ಗೂಟಗಳು ಹೊರಗೆ ಚಾಚುವುದರಿಂದ ನೆಲ ಜಾಸ್ತಿ ಕೇಳುತ್ತವೆ. ಇಕ್ಕಟ್ಟಿನ ಕ್ಯಾಂಪಿನಲ್ಲಿ, ಗದ್ದೆಯ ಬದುವಿನಂಥ ಮೆಟ್ಟಿಲು ನೆಲದಲ್ಲಿ ಹತ್ತಿರ ಹತ್ತಿರ ಟೆಂಟ್ ಹಾಕುವಾಗ ಇದು ತೊಂದರೆ, ರಾತ್ರಿ ಎದ್ದವರು ನಿಮ್ಮ ಹಗ್ಗಕ್ಕೆ ಎಡವುತ್ತಾರೆ ಬೇರೆ.

ಹಾಗಾದರೆ ಯಾರಿಗೆ ಯಾವುದು?

ನನ್ನನ್ನು ಕೇಳಿದರೆ, ಮೊದಲ ಟೆಂಟ್ ಕೊಳ್ಳುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರು, ವರ್ಷಕ್ಕೊಂದು ಹಿಮಾಲಯ, ಮಧ್ಯೆ ನಾಲ್ಕಾರು ಹೋಮ್‌ಸ್ಟೇ ಅಂಗಳ ಅನ್ನುವವರು, ಎರಡು ಕೆಜಿ ಸುತ್ತಲಿನ, ಅಲ್ಯೂಮಿನಿಯಂ ಪೋಲ್ ಇರುವ, ನಾಲ್ಕೂ ಮೂಲೆ ನಿಲ್ಲುವ ಡೋಮ್ ತಗೊಳ್ಳಿ. ಇಬ್ಬರಾದರೆ ಪೋಲ್, ಗೂಟ ಒಬ್ಬರು, ಬಟ್ಟೆ ಇನ್ನೊಬ್ಬರು ಹೊತ್ತರೆ ತಲೆಗೆ ಒಂದು ಕೆಜಿ. ಇಷ್ಟಕ್ಕೆ ಹಗುರದ ಹುಚ್ಚು ಬೇಡ.

ಒಬ್ಬರೇ ಅಥವಾ ಇಬ್ಬರೇ ವಾರಗಟ್ಟಲೆ ಸ್ವಂತ ಹೊರೆ ಹೊತ್ತು ನಡೆಯುವವರು, ಟ್ರೆಕ್ಕಿಂಗ್ ಪೋಲ್ ಇಲ್ಲದೆ ಹೆಜ್ಜೆ ಇಡದವರು, ದಿನಾ ಕ್ಯಾಂಪ್ ಬದಲಿಸುವವರು ಗೂಟದ ಟೆಂಟ್‌ಗೆ ಹೋಗಲಿ. ಹಗ್ಗ ಕಟ್ಟಲು ಬೇಸರ ಇಲ್ಲದಿರಬೇಕು ಅಷ್ಟೇ. ಮಳೆಗಾಲದ ಘಟ್ಟವೇ ನಿಮ್ಮ ಮುಖ್ಯ ಜಾಗ ಆಗಿದ್ದರೂ ಫ್ಲೈ ಮೊದಲು ನಿಲ್ಲುವ ಎರಡು ಪದರದ ಗೂಟದ ಟೆಂಟ್ ನನಗೆ ಡೋಮ್‌ಗಿಂತ ಇಷ್ಟ.

ಸೆಮಿ ಫ್ರೀಸ್ಟ್ಯಾಂಡಿಂಗ್? ಅಗ್ಗಕ್ಕೆ ಹಗುರವಾದದ್ದು ಸಿಕ್ಕರೆ ತಗೊಳ್ಳಿ, ಆದರೆ ಅದನ್ನು ಗೂಟದ ಟೆಂಟ್ ಎಂದೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕೊನೆಗೆ ಸಾಗಿಸುವ, ಒಣಗಿಸುವ ಮಾತು. ವಿಮಾನದಲ್ಲಿ ಹೋಗುವವರು ಗೂಟ, ಟ್ರೆಕ್ಕಿಂಗ್ ಪೋಲ್ ಎರಡನ್ನೂ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ತಡೆಯುತ್ತಾರೆ. ವಾಪಸ್ ಬಂದ ದಿನವೇ ಟೆಂಟ್ ಬಿಚ್ಚಿ ನೆರಳಲ್ಲಿ ಒಣಗಿಸಿ, ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿದು ಒಳಗಿನ ಲೇಪ ಅಂಟಂಟಾಗಿ ಸುಲಿಯುತ್ತದೆ. ಡೋಮ್ ಆದರೆ ತಾರಸಿಯಲ್ಲಿ ನಿಲ್ಲಿಸಿ, ಹಾರದಂತೆ ಒಳಗೆ ನೀರಿನ ಕ್ಯಾನ್ ಇಡಿ. ಗೂಟದ್ದಾದರೆ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹರಡಿ. ಗೂಟಗಳ ಮಣ್ಣು ತೊಳೆದು ಎಣಿಸಿ ಇಡಿ, ಪ್ರತಿ ಟ್ರೆಕ್‌ನಲ್ಲೂ ಒಂದಾದರೂ ಹುಲ್ಲಲ್ಲಿ ಉಳಿದುಬಿಡುವುದು ಮಾಮೂಲು.